ಸರ್ವೆ ಫಾರ್ಮ್ ತೆರೆಯುವ ಮೊದಲು: ಪ್ರಾಜೆಕ್ಟ್ ಮಾಡುವವರಿಗೆ ಒಂದು ದಾರಿ

ಪದವಿಯ ಕೊನೆಯ ವರ್ಷಕ್ಕೆ ಬಂದ ಮೇಲೆ ಪ್ರಾಜೆಕ್ಟ್ ತಪ್ಪಿದ್ದಲ್ಲ. ಬಹಳ ಮಂದಿ ಮೊದಲು ಗೂಗಲ್ ಫಾರ್ಮ್ ತೆರೆಯುತ್ತಾರೆ, ತೋಚಿದ ಪ್ರಶ್ನೆಗಳನ್ನು ಹಾಕುತ್ತಾರೆ, ಲಿಂಕನ್ನು ವಾಟ್ಸ್‌ಆ್ಯಪ್ ಗ್ರೂಪಿಗೆ ಕಳಿಸುತ್ತಾರೆ. ಉತ್ತರಗಳು ಬಂದ ಮೇಲೆ ಏನು ಲೆಕ್ಕ ಹಾಕಬೇಕೆಂದು ತಿಳಿಯದೆ ಪರದಾಡುತ್ತಾರೆ. ಯಾವ ಪ್ರಶ್ನೆಗೆ ಎಂಥ ಉತ್ತರ ಬರುತ್ತದೆ, ಅದರಿಂದ ಯಾವ ಲೆಕ್ಕ ಸಾಧ್ಯ ಎನ್ನುವುದನ್ನು ಮೊದಲೇ ಯೋಚಿಸಿದರೆ ಈ ಒದ್ದಾಟ ಇರುವುದಿಲ್ಲ.

ಎಲ್ಲರಿಗೂ ಗೊತ್ತಿರುವ ಒಂದು ವಿಷಯ ಇಟ್ಟುಕೊಂಡು ನೋಡೋಣ. ಶಕ್ತಿ ಯೋಜನೆ 2023ರ ಜೂನ್ 11ರಂದು ಶುರುವಾಯಿತು. ಅಂದಿನಿಂದ ರಾಜ್ಯದ ಮಹಿಳೆಯರಿಗೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣ ಉಚಿತ.

1. ಪ್ರಶ್ನೆಯನ್ನು ಚಿಕ್ಕದು ಮಾಡಿ

‘ಶಕ್ತಿ ಯೋಜನೆಯ ಪರಿಣಾಮಗಳು’ ಎಂಬುದು ತಲೆಬರಹವಾದೀತು, ಅದಕ್ಕೆ ಉತ್ತರ ಹುಡುಕಲು ಆಗುವುದಿಲ್ಲ. ‘ಯೋಜನೆ ಬಂದ ಮೇಲೆ ನಮ್ಮ ಕಾಲೇಜಿಗೆ ದೂರದ ಹಳ್ಳಿಗಳಿಂದ ಸೇರುವ ಹುಡುಗಿಯರು ಜಾಸ್ತಿ ಆಗಿದ್ದಾರೆಯೇ?’ ಎಂದು ಕೇಳಿ. ಯಾರು, ಎಲ್ಲಿ, ಯಾವಾಗ, ಏನನ್ನು ಅಳೆಯಬೇಕು ಎಲ್ಲವೂ ಇದರಲ್ಲಿದೆ.

2. ಈಗಾಗಲೇ ಇರುವ ಮಾಹಿತಿ ಹುಡುಕಿ

ನೀವೇ ಕೇಳಿ, ನೋಡಿ, ಅಳೆದು ತಂದದ್ದು ಪ್ರಾಥಮಿಕ ಮಾಹಿತಿ. ಬೇರೆಯವರು ಬೇರೆ ಕೆಲಸಕ್ಕೆ ಸಂಗ್ರಹಿಸಿ ಇಟ್ಟದ್ದು ದ್ವಿತೀಯಕ ಮಾಹಿತಿ. ಜನಗಣತಿಯ ಪಟ್ಟಿಗಳು, ಕೇಂದ್ರ ಸರ್ಕಾರದ ಉನ್ನತ ಶಿಕ್ಷಣ ಸಮೀಕ್ಷೆಯ ವರದಿಗಳು ಈ ಎರಡನೆಯ ಗುಂಪಿಗೆ ಸೇರುತ್ತವೆ. ನಮ್ಮ ಪ್ರಶ್ನೆಗೆ ಎಲ್ಲಕ್ಕಿಂತ ಹೆಚ್ಚು ಕೆಲಸಕ್ಕೆ ಬರುವುದು ಕಾಲೇಜಿನ ದಾಖಲಾತಿ ರಿಜಿಸ್ಟರ್. ಯಾವ ವರ್ಷ ಯಾವ ಊರಿನವರು ಸೇರಿದರು ಎಂಬುದು ಅದರಲ್ಲಿ ಇರುತ್ತದೆ. ಪ್ರಾಂಶುಪಾಲರಿಗೆ ಪತ್ರ ಕೊಟ್ಟು, ಹೆಸರುಗಳನ್ನು ಬಿಟ್ಟು ಊರು ಮತ್ತು ವರ್ಷ ಮಾತ್ರ ಬರೆದುಕೊಳ್ಳಿ. ನಾಲ್ಕು ವರ್ಷದ ಹಿಂದಿನದನ್ನು ಜನ ನೆನಪಿನಿಂದ ಹೇಳುವುದಕ್ಕಿಂತ ಇದು ಎಷ್ಟೋ ಗಟ್ಟಿ.

3. ಯಾರನ್ನು ಕೇಳಬೇಕು?

ಹೆಚ್ಚಿನ ಪ್ರಾಜೆಕ್ಟುಗಳು ಎಡವುವುದು ಇಲ್ಲೇ. ಬಸ್ ಸ್ಟ್ಯಾಂಡಿಗೆ ಹೋಗಿ ಹುಡುಗಿಯರನ್ನು ಮಾತನಾಡಿಸುವುದು ಸುಲಭ. ಆದರೆ ಅಲ್ಲಿ ಸಿಗುವವರು ಬಸ್ ಹಿಡಿಯುವವರು ಮಾತ್ರ. ಹಾಸ್ಟೆಲ್‌ನಲ್ಲಿ ಇರುವವರು, ನಡೆದು ಬರುವವರು ಸಿಗುವುದಿಲ್ಲ. ಸರ್ಕಾರಿ ಬಸ್ಸೇ ಇಲ್ಲದ ಊರಿನ ಹುಡುಗಿ, ಪಿಯುಸಿ ಮುಗಿಸಿ ಮನೆಯಲ್ಲೇ ಉಳಿದ ಹುಡುಗಿ ಅಲ್ಲಿಗೆ ಬರುವುದೇ ಇಲ್ಲ. ಯೋಜನೆ ಯಾರಿಗೆ ತಲುಪಲಿಲ್ಲವೋ ಅವರೇ ಲೆಕ್ಕದಿಂದ ಹೊರಗೆ ಉಳಿದರೆ ಉತ್ತರ ಸರಿಯಾಗಿ ಬರುವುದು ಹೇಗೆ? ವಾಟ್ಸ್‌ಆ್ಯಪ್ ಲಿಂಕಿನ ತೊಂದರೆಯೂ ಇದೇ.

ಎಲ್ಲರನ್ನೂ ಕೇಳಬೇಕಾಗಿಲ್ಲ. ಕಾಲೇಜಿನ ಹುಡುಗಿಯರ ಪೂರ್ತಿ ಪಟ್ಟಿ ತೆಗೆದುಕೊಂಡು ಮೊದಲ ಹತ್ತರಲ್ಲಿ ಒಂದು ಸಂಖ್ಯೆಯನ್ನು ಚೀಟಿ ಎತ್ತಿ ಆರಿಸಿ. ಅಲ್ಲಿಂದ ಪ್ರತಿ ಹತ್ತನೆಯ ಹೆಸರು ನಿಮ್ಮ ಸ್ಯಾಂಪಲ್. ಕಾಲೇಜು ಬಿಟ್ಟವರಿಗಾಗಿ ಒಂದೆರಡು ಹಳ್ಳಿ ಆರಿಸಿ ಮನೆಮನೆಗೆ ಹೋಗಲೇಬೇಕು. ಶ್ರಮ ಇದೆ ನಿಜ, ಆದರೆ ಅದಕ್ಕೆ ಬದಲಿ ಇಲ್ಲ. ಸಂಖ್ಯಾಶಾಸ್ತ್ರಜ್ಞ ಪಿ.ಸಿ. ಮಹಲನೋಬಿಸ್ ಅವರು 1930ರ ದಶಕದಲ್ಲಿ ಬಂಗಾಳದ ಸೆಣಬಿನ ಬೆಳೆಯನ್ನು ಅಂದಾಜು ಮಾಡಿದ್ದೂ ಸ್ಯಾಂಪಲ್ ಸರ್ವೆಯಿಂದಲೇ. ಮೊದಲು ಸಣ್ಣದಾಗಿ ಮಾಡಿ ನೋಡಿ, ಆಮೇಲೆ ದೊಡ್ಡದಕ್ಕೆ ಕೈಹಾಕುವುದು ಅವರ ಕ್ರಮವಾಗಿತ್ತು. ನೀವೂ ಪ್ರಶ್ನಾವಳಿಯನ್ನು ಮೊದಲು ಐದಾರು ಮಂದಿಯ ಮೇಲೆ ಪರೀಕ್ಷಿಸಿ.

4. ಲೆಕ್ಕವೋ, ಮಾತುಕತೆಯೋ?

ಎಷ್ಟು ಮಂದಿ, ಎಷ್ಟು ದೂರ ಎಂಬುದು ಪರಿಮಾಣಾತ್ಮಕ ಮಾಹಿತಿ. ಮಗಳನ್ನು ದೂರದ ಕಾಲೇಜಿಗೆ ಕಳಿಸಲು ಅಪ್ಪ ಅಮ್ಮ ಯಾಕೆ ಒಪ್ಪಿದರು ಎಂಬುದು ಗುಣಾತ್ಮಕ. ಅದಕ್ಕೆ ಕೂತು ಮಾತನಾಡಬೇಕು. ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1948ರಲ್ಲಿ ಮೈಸೂರಿನ ಬಳಿಯ ಒಂದು ಹಳ್ಳಿಯಲ್ಲಿ ತಿಂಗಳುಗಟ್ಟಲೆ ಇದ್ದು ಅಧ್ಯಯನ ಮಾಡಿದ್ದು ಹೀಗೆಯೇ. ಅವರು ವರ್ಷಗಟ್ಟಲೆ ಸಿದ್ಧಪಡಿಸಿದ ಟಿಪ್ಪಣಿಗಳು 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫೋರ್ಡ್‌ನಲ್ಲಿ ಬೆಂಕಿಗೆ ಆಹುತಿಯಾದವು. ಮೂರು ಪ್ರತಿಗಳಿದ್ದರೂ ಮೂರೂ ಒಂದೇ ಕಡೆ ಇದ್ದವು. ಆಮೇಲೆ ಅವರು ನೆನಪಿನಿಂದಲೇ ಪುಸ್ತಕ ಬರೆದರು. ಅಂಥ ನೆನಪು ಎಲ್ಲರಿಗೂ ಇರುವುದಿಲ್ಲ ಅಲ್ವಾ? ಮಾತಾಡಿದ ದಿನವೇ ಬರೆದಿಡಿ, ಪ್ರತಿಗಳನ್ನು ಬೇರೆ ಬೇರೆ ಕಡೆ ಇಡಿ.

5. ಉತ್ತರದ ಜಾತಿ ಗುರುತಿಸಿ

ಬಸ್ಸಿನ ರೂಟ್ ನಂಬರ್, ಪಿನ್ ಕೋಡ್ ನೋಡಲು ಅಂಕಿಗಳು, ನಿಜಕ್ಕೂ ಬರೀ ಹೆಸರುಗಳು. ಇವುಗಳ ಸರಾಸರಿ ತೆಗೆದರೆ ಅರ್ಥವಿಲ್ಲ, ಎಣಿಸಬಹುದು ಅಷ್ಟೇ. ಇದು ನಾಮಿನಲ್. ‘ಬಸ್ ಸೌಕರ್ಯ ಚೆನ್ನಾಗಿದೆ, ಪರವಾಗಿಲ್ಲ, ಚೆನ್ನಾಗಿಲ್ಲ’ ಎಂಬಲ್ಲಿ ಮೇಲು ಕೆಳಗು ಇದೆ, ಆದರೆ ನಡುವಿನ ಅಂತರ ಎಷ್ಟೆಂದು ಹೇಳಲಾಗದು. ಇದು ಆರ್ಡಿನಲ್. ದೂರ, ಸಮಯ, ಖರ್ಚು ನಿಜವಾದ ಅಳತೆಗಳು. ಇವನ್ನು ಕೂಡಬಹುದು, ಭಾಗಿಸಬಹುದು. ಆದ್ದರಿಂದ ‘10 ಕಿ.ಮೀ.ಗಿಂತ ಹೆಚ್ಚೋ ಕಡಿಮೆಯೋ’ ಎಂದು ಕೇಳುವ ಬದಲು ಎಷ್ಟು ಕಿ.ಮೀ. ಎಂದೇ ಕೇಳಿ. ಆಮೇಲೆ ಗುಂಪು ಮಾಡಿಕೊಳ್ಳಬಹುದು. ಗುಂಪಿನಿಂದ ಕಿ.ಮೀ. ವಾಪಸ್ ಪಡೆಯಲು ಆಗುವುದಿಲ್ಲ.

ಸರಾಸರಿಯ ಬಗ್ಗೆಯೂ ಎಚ್ಚರ ಬೇಕು. ಐವರ ಪ್ರಯಾಣದ ಸಮಯ 20, 25, 30, 35, 140 ನಿಮಿಷ ಎಂದುಕೊಳ್ಳಿ. ಸರಾಸರಿ 50 ನಿಮಿಷ. ಆದರೆ ಐವರಲ್ಲಿ ನಾಲ್ವರು ಅದಕ್ಕಿಂತ ಬೇಗ ತಲುಪುತ್ತಾರೆ. ಸಾಲಾಗಿ ಜೋಡಿಸಿದಾಗ ನಡುವೆ ಬರುವ 30, ಅಂದರೆ ಮಧ್ಯಾಂಕ, ಇಲ್ಲಿ ಹೆಚ್ಚು ಸರಿಯಾದ ಚಿತ್ರ ಕೊಡುತ್ತದೆ. ಎರಡನ್ನೂ ಬರೆಯಿರಿ. ಆ 140 ನಿಮಿಷದ ಹುಡುಗಿಯ ಜೊತೆ ಬೇರೆಯಾಗಿ ಮಾತನಾಡಿ.

6. ಕಾರಣ ಹೇಳುವ ಮುನ್ನ

2023ರ ನಂತರ ದೂರದಿಂದ ಬರುವ ಹುಡುಗಿಯರು ಹೆಚ್ಚಾಗಿದ್ದಾರೆ ಎಂದೇ ಇಟ್ಟುಕೊಳ್ಳಿ. ಕಾರಣ ಶಕ್ತಿ ಯೋಜನೆಯೇ? ಮೊದಲೂ ರಿಯಾಯಿತಿ ಪಾಸ್ ಇತ್ತು. ಹೊಸ ಕೋರ್ಸ್ ಬಂದಿರಬಹುದು, ಹೊಸ ರೂಟ್ ಶುರುವಾಗಿರಬಹುದು. ಇದಕ್ಕೊಂದು ಒಳ್ಳೆಯ ಉಪಾಯ ಇದೆ. ಅದೇ ರಿಜಿಸ್ಟರಿನಲ್ಲಿ ಹುಡುಗರ ಲೆಕ್ಕವನ್ನೂ ತೆಗೆಯಿರಿ. ಅವರಿಗೆ ಉಚಿತ ಪ್ರಯಾಣ ಇಲ್ಲ. ದೂರದಿಂದ ಬರುವ ಹುಡುಗರೂ ಅಷ್ಟೇ ಹೆಚ್ಚಾಗಿದ್ದರೆ ಕಾರಣ ಬೇರೆ ಕಡೆ ಇರುವ ಸಾಧ್ಯತೆ ದೊಡ್ಡದು. ಹುಡುಗಿಯರು ಮಾತ್ರ ಹೆಚ್ಚಾಗಿದ್ದರೆ ನಿಮ್ಮ ಮಾತಿಗೆ ಬಲ ಬರುತ್ತದೆ, ಆದರೂ ‘ಸಾಬೀತಾಯಿತು’ ಎಂದು ಬರೆಯಬೇಡಿ.

ವರದಿಯಲ್ಲಿ ಎಷ್ಟು ಮಂದಿಯನ್ನು ಕೇಳಿದಿರಿ, ಹೇಗೆ ಆರಿಸಿದಿರಿ, ಎಷ್ಟು ಮಂದಿ ಉತ್ತರ ಕೊಡಲಿಲ್ಲ ಎಂಬುದನ್ನು ಮೊದಲ ಪುಟದಲ್ಲೇ ಹಾಕಿ. ಮಾತನಾಡಿದವರ ಹೆಸರು, ಫೋನ್ ನಂಬರ್ ಎಲ್ಲೂ ಬರಬಾರದು. ಊರು ತೀರಾ ಚಿಕ್ಕದಾಗಿದ್ದರೆ ಊರಿನ ಹೆಸರನ್ನೂ ಬದಲಿಸಿ.