ಚೈನೀಸ್ ಹೋಟೆಲಿನಲ್ಲಿ ಪುಟ್ಟ ಮಗುವಿಗೆ ಏನು ಹೇಳಬೇಕು, ಹೇಗೆ ಹೇಳಬೇಕು?

ನನ್ನ ಮಗಳಿಗೆ ಆಗ ಎರಡೂವರೆ ವರ್ಷ. ಬೆಂಗಳೂರಿನ ಒಂದು ಚೈನೀಸ್ ಹೋಟೆಲಿನಲ್ಲಿ ಅವಳಿಗೆ ಅಂತಲೇ ಸ್ವೀಟ್ ಕಾರ್ನ್ ಸೂಪ್ ಹೇಳಿದ್ದೆವು. ಹೆಸರಲ್ಲೇ ಸ್ವೀಟ್ ಇದೆ, ಖಾರ ಎಲ್ಲಿಂದ ಬರಬೇಕು ಅಂದುಕೊಂಡಿದ್ದೆ. ಎರಡನೇ ಚಮಚಕ್ಕೇ ಮಗು ಕೆಮ್ಮಿ, ಕಣ್ಣಲ್ಲಿ ನೀರು ತುಂಬಿಕೊಂಡು, ಬಟ್ಟಲನ್ನು ಆಚೆ ತಳ್ಳಿತು. ಸೂಪನ್ನು ಎಷ್ಟು ಕಲಕಿ ನೋಡಿದರೂ ಒಂದು ಕಪ್ಪು ಚುಕ್ಕೆ ಕಾಣಲಿಲ್ಲ. ಅದರಲ್ಲಿದ್ದದ್ದು ಬಿಳಿ ಮೆಣಸಿನ ಪುಡಿ. ತೆಳು ಹಳದಿ ಸೂಪಿನಲ್ಲಿ ಅದು ಕಣ್ಣಿಗೆ ಬೀಳುವುದೇ ಇಲ್ಲ, ನಾಲಿಗೆಗೆ ಮಾತ್ರ ಗೊತ್ತಾಗುತ್ತದೆ. ಆ ರಾತ್ರಿ ಅವಳು ಊಟ ಮಾಡಿದ್ದು ಮನೆಗೆ ಬಂದ ಮೇಲೆ, ಮೊಸರನ್ನ.

ಆಮೇಲೆ ಚೈನೀಸ್ ಹೋಟೆಲಿಗೆ ಹೋದಾಗಲೆಲ್ಲ ಕೇಳಿ ಕೇಳಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಸಣ್ಣ ಮಕ್ಕಳಿರುವ ಮನೆಯವರಿಗೆ ಖಂಡಿತ ಉಪಯೋಗವಾಗುತ್ತದೆ.

ಮೊದಲು ಅಡುಗೆಮನೆ ಅರ್ಥವಾಗಲಿ

ನಮ್ಮ ದರ್ಶಿನಿಯಲ್ಲಿ ಸಾಂಬಾರಿಗೆ ಖಾರ ಕಮ್ಮಿ ಮಾಡಿ ಎಂದರೆ ಯಾರಿಂದಲೂ ಆಗುವುದಿಲ್ಲ, ಅದು ಬೆಳಗ್ಗೆಯೇ ದೊಡ್ಡ ಪಾತ್ರೆಯಲ್ಲಿ ಕುದ್ದು ಮುಗಿದಿರುತ್ತದೆ. ಚೈನೀಸ್ ಅಡುಗೆ ಹಾಗಲ್ಲ. ತರಕಾರಿ ಹೆಚ್ಚಿಟ್ಟಿರುತ್ತಾರೆ, ಅನ್ನ ನೂಡಲ್ಸ್ ಬೇಯಿಸಿಟ್ಟಿರುತ್ತಾರೆ, ನಿಮ್ಮ ಆರ್ಡರ್ ಒಳಗೆ ಹೋದ ಮೇಲೆ ಜೋರು ಉರಿಯಲ್ಲಿ ಬಾಣಲೆ ಇಟ್ಟು ನಾಲ್ಕೈದು ನಿಮಿಷದಲ್ಲಿ ಹುರಿದು ಕೊಡುತ್ತಾರೆ. ಉಪ್ಪು, ಪೆಪ್ಪರ್, ಸೋಯಾ ಸಾಸ್, ಹಸಿಮೆಣಸಿನಕಾಯಿ ಎಲ್ಲ ಬೀಳುವುದು ಆಗಲೇ. ಅಂದರೆ ಬೇಡ ಅಂತ ಮೊದಲೇ ಹೇಳಿದರೆ ಅದು ಬೀಳುವುದೇ ಇಲ್ಲ.

ಆದರೆ ಎಲ್ಲವೂ ಹೀಗಲ್ಲ, ಇದೇ ಮುಖ್ಯ. ಮಂಚೂರಿಯನ್ ಉಂಡೆ, ಸ್ಪ್ರಿಂಗ್ ರೋಲ್ ಮತ್ತು ಮೋಮೊ ಒಳಗಿನ ಹೂರಣ, ಶೆಜ್ವಾನ್ ಸಾಸ್ ಇವೆಲ್ಲ ಸಾಮಾನ್ಯವಾಗಿ ಮೊದಲೇ ಕಲಸಿ ಇಟ್ಟದ್ದು. ಅವುಗಳಲ್ಲಿ ಉಪ್ಪು ಖಾರ ಆಗಲೇ ಸೇರಿರುತ್ತದೆ, ಯಾರೂ ತೆಗೆಯಲಾರರು. ಹಾಗಾಗಿ ಮಗುವಿಗೆ ಆರಿಸುವಾಗ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಇದು ಈಗ ಬಾಣಲೆಗೆ ಬೀಳುವ ತಿಂಡಿಯೋ, ಆಗಲೇ ಕಲಸಿಟ್ಟದ್ದೋ? ಫ್ರೈಡ್ ರೈಸ್, ನೂಡಲ್ಸ್, ತಿಳಿ ಸೂಪ್, ಬೆಳ್ಳುಳ್ಳಿ ಹಾಕಿ ಹುರಿದ ತರಕಾರಿ, ತೋಫು, ಪನೀರ್ ಎಲ್ಲ ಮೊದಲ ಗುಂಪಿಗೆ ಸೇರುತ್ತವೆ.

ಕೂತ ತಕ್ಷಣ ಮಗುವಿನ ಆರ್ಡರ್

ಏಳು ಗಂಟೆಗೇ ಹೋಗಿ. ಎಂಟೂವರೆಗೆ ಹೋದರೆ ಅಡುಗೆಮನೆಯಲ್ಲಿ ಹತ್ತು ಟೇಬಲ್ಲಿನ ಆರ್ಡರ್ ನಿಂತಿರುತ್ತದೆ, ನಿಮ್ಮ ಮಾತು ನೆನಪಿಟ್ಟುಕೊಳ್ಳುವ ಪುರಸೊತ್ತು ಅವರಿಗೂ ಇರುವುದಿಲ್ಲ, ಹಸಿದ ಮಗುವಿಗೆ ಕಾಯುವ ತಾಳ್ಮೆಯೂ ಇರುವುದಿಲ್ಲ. ದೊಡ್ಡವರು ಮೆನು ನೋಡುತ್ತಾ ಕೂರುವ ಮೊದಲು ಮಗುವಿನದೊಂದನ್ನು ಹೇಳಿಬಿಡಿ.

"ಖಾರ ಕಮ್ಮಿ ಇರಲಿ" ಅಂತ ಹೇಳಿದರೆ ಸಾಲದು. ಹುರಿಯುವವರಿಗೆ ಕಮ್ಮಿ ಎಂದರೆ ಒಂದು ಚಮಚದ ಬದಲು ಅರ್ಧ ಚಮಚ. ಮಗುವಿಗೆ ಆ ಅರ್ಧವೂ ಜಾಸ್ತಿ. ಯಾವುದು ಬೇಡವೋ ಅದರ ಹೆಸರು ಹಿಡಿದು ಹೇಳಿ. ನಾನು ಹೇಳುವುದು ಹೀಗೆ: "ಅಣ್ಣ, ಇದೊಂದು ಪ್ಲೇಟ್ ಸಣ್ಣ ಮಗುವಿಗೆ. ಹಸಿಮೆಣಸಿನಕಾಯಿ ಬೇಡ, ಪೆಪ್ಪರ್ ಬೇಡ, ಚಿಲ್ಲಿ ಸಾಸ್ ಬೇಡ, ಅಜಿನೊಮೊಟೊ ಬೇಡ. ಸೋಯಾ ಸಾಸ್ ಒಳಗೆ ಹಾಕಬೇಡಿ, ಬೇಕಾದರೆ ಇಲ್ಲೇ ಹಾಕಿಕೊಳ್ಳುತ್ತೇವೆ." ಬರೆದುಕೊಂಡದ್ದನ್ನು ಒಮ್ಮೆ ಓದಿ ಹೇಳಿ ಅಂತ ಕೇಳಿ. ಬೆಂಗಳೂರಿನಲ್ಲಿ ಟೇಬಲ್ ನೋಡಿಕೊಳ್ಳುವವರು ನೇಪಾಳದವರೋ ಈಶಾನ್ಯ ರಾಜ್ಯದವರೋ ಆಗಿದ್ದರೆ ಹಿಂದಿಯಲ್ಲಿ "ಬಚ್ಚೇ ಕೆ ಲಿಯೇ, ಮಿರ್ಚಿ ನಹೀ, ಪೆಪ್ಪರ್ ನಹೀ" ಅಂದರೂ ಸಾಕು.

ಸೂಪ್ ಒನ್ ಬೈ ಟೂ ಮಾಡಿಸಿ ಅರ್ಧ ಮಗುವಿಗೆ ಕೊಡುವುದಾದರೆ ಇಡೀ ಸೂಪನ್ನೇ ಪೆಪ್ಪರ್ ಇಲ್ಲದೆ ಮಾಡಿಸಿ, ಏಕೆಂದರೆ ಒಂದೇ ಪಾತ್ರೆಯಲ್ಲಿ ಮಾಡಿ ಆಮೇಲೆ ಎರಡು ಬಟ್ಟಲಿಗೆ ಹಂಚುತ್ತಾರೆ. ನಿಮ್ಮ ಪಾಲಿಗೆ ಟೇಬಲ್ ಮೇಲಿನ ಪೆಪ್ಪರ್ ಡಬ್ಬಿ ಇದೆಯಲ್ಲ.

ಸೋಯಾ ಸಾಸಿನ ಲೆಕ್ಕ

ಅಜಿನೊಮೊಟೊ ಬಗ್ಗೆ ಅಮ್ಮಂದಿರಿಗೆ ತುಂಬ ಭಯ. 1908ರಲ್ಲಿ ಜಪಾನಿನ ಕಿಕುನೆ ಇಕೆಡಾ ಅವರು ಕಡಲಕಳೆಯ ಸಾರಿನಿಂದ ಬೇರ್ಪಡಿಸಿದ ರುಚಿ ಅದು, ಆ ರುಚಿ ಕೊಡುವ ಗ್ಲುಟಮೇಟ್ ಎಂಬ ಅಂಶ ಟೊಮೆಟೊದಲ್ಲೂ ಇದೆ. ನಾನು ಮಗುವಿಗೆ ಬೇಡ ಅಂತಲೇ ಹೇಳುತ್ತೇನೆ, ಆದರೆ ನನ್ನ ಹೆಚ್ಚಿನ ಚಿಂತೆ ಸೋಯಾ ಸಾಸಿನದು. ಒಂದು ದೊಡ್ಡ ಚಮಚ ಸೋಯಾ ಸಾಸಿನಲ್ಲಿ ಸುಮಾರು 900 ಮಿಲಿಗ್ರಾಂ ಸೋಡಿಯಂ ಇರುತ್ತದೆ, ಅಂದರೆ ಎರಡು ಗ್ರಾಂ ದಾಟುವ ಉಪ್ಪು. ಒಂದರಿಂದ ಮೂರು ವರ್ಷದ ಮಗುವಿಗೆ ಇಡೀ ದಿನಕ್ಕೆ 2 ಗ್ರಾಂ ಉಪ್ಪು ಮೀರಬಾರದು ಎಂದು ಬ್ರಿಟನ್ನಿನ ಆರೋಗ್ಯ ಇಲಾಖೆ ಹೇಳುತ್ತದೆ. ಒಂದೇ ಚಮಚದಲ್ಲಿ ದಿನದ ಲೆಕ್ಕ ಮುಗಿದುಹೋಯಿತು, ಅಲ್ವಾ? ಅದಕ್ಕೇ ಸಾಸ್ ಹೊರಗಿರಲಿ. ರುಚಿಗೆ ಮೂರ್ನಾಲ್ಕು ಹನಿ ಸಾಕು.

ವಯಸ್ಸಿಗೆ ತಕ್ಕ ತಟ್ಟೆ

ಒಂದು ವರ್ಷದೊಳಗಿನ ಕೂಸಿಗೆ ಮನೆಯಿಂದಲೇ ಊಟ ತನ್ನಿ. ಬೇಕಿದ್ದರೆ ಉಪ್ಪಿಲ್ಲದ ಸ್ಟೀಮ್ಡ್ ರೈಸ್ ಎರಡು ತುತ್ತು ನುಣ್ಣಗೆ ಕಿವುಚಿ ಕೊಡಿ, ಅಷ್ಟೇ. ಜೇನಿನ ಹನಿಯೂ ಬೇಡ. ಊಟದ ಕೊನೆಗೆ ಐಸ್‌ಕ್ರೀಮ್ ಜೊತೆ ಬರುವ ದರ್ಸಾನ್ ಎಂಬ ಕರಿದ ನೂಡಲ್ಸ್ ಮೇಲೆ ಜೇನು ಸುರಿದಿರುತ್ತಾರೆ, ಅಜ್ಜಿಯೋ ಅತ್ತೆಯೋ ಪ್ರೀತಿಯಿಂದ ಬೆರಳಲ್ಲಿ ನೆಕ್ಕಿಸಿಬಿಡುತ್ತಾರೆ. ವರ್ಷದೊಳಗಿನ ಮಗುವಿಗೆ ಜೇನಿನಿಂದ ಬೊಟುಲಿಸಂ ಎಂಬ ಅಪಾಯಕಾರಿ ಕಾಯಿಲೆ ಬರಬಹುದು. ಮುಲಾಜಿಲ್ಲದೆ ತಡೆಯಿರಿ.

ಒಂದರಿಂದ ಮೂರು ವರ್ಷದವರಿಗೆ ನನ್ನ ಮೆಚ್ಚಿನ ಉಪಾಯ ಒಂದಿದೆ. ಒಂದು ಸ್ಟೀಮ್ಡ್ ರೈಸ್, ಒಂದು ವೆಜ್ ಕ್ಲಿಯರ್ ಸೂಪ್. ಬಿಸಿ ಅನ್ನಕ್ಕೆ ಸೂಪಿನ ತಿಳಿ ಹಾಕಿ, ಅದರಲ್ಲಿ ಬೆಂದ ಕ್ಯಾರೆಟ್, ಬೀನ್ಸ್ ಕಿವುಚಿ, ತಿಳಿಸಾರನ್ನ ಕಲಸುವ ಹಾಗೆ ಮೆತ್ತಗೆ ಕಲಸಿ. ಮನೆಯಿಂದ ಒಂದು ಪುಟ್ಟ ಡಬ್ಬಿಯಲ್ಲಿ ತುಪ್ಪ ತಂದಿದ್ದರೆ ಅರ್ಧ ಚಮಚ ಮೇಲೆ. ಮಗು ಗುರುತಿರುವ ಊಟ ಅಂತ ಬಾಯಿ ತೆರೆಯುತ್ತದೆ. ಸೂಪಿಗೂ ಉಪ್ಪು ಕಮ್ಮಿ ಅಂತ ಹೇಳಿರಿ.

ನೂಡಲ್ಸ್ ಕೊಡುವುದಾದರೆ ಕತ್ತರಿ ಜೊತೆಗಿರಲಿ. ನಾನು ತೊಳೆದ ಒಂದು ಸಣ್ಣ ಕತ್ತರಿಯನ್ನು ಬ್ಯಾಗಿನಲ್ಲೇ ಇಟ್ಟಿರುತ್ತೇನೆ. ಬಟ್ಟಲಲ್ಲಿ ನೂಡಲ್ಸ್ ಇಟ್ಟು ಅಡ್ಡ ನಾಲ್ಕು ಸಲ, ಉದ್ದ ನಾಲ್ಕು ಸಲ ಕತ್ತರಿಸಿದರೆ ಶಾವಿಗೆ ಉಪ್ಪಿಟ್ಟಿನ ಹಾಗೆ ಚಮಚಕ್ಕೆ ಬರುತ್ತದೆ, ಉದ್ದ ಎಳೆ ಗಂಟಲಿಗೆ ಸಿಕ್ಕಿಕೊಳ್ಳುವ ಭಯ ಇರುವುದಿಲ್ಲ. ಬೇಬಿ ಕಾರ್ನ್, ಅಣಬೆ ಕೂಡ ಸಣ್ಣಗೆ ಹೆಚ್ಚಿ. ಇಡೀ ಗೋಡಂಬಿ, ಕಡಲೆಬೀಜವನ್ನು ಐದು ವರ್ಷದ ತನಕ ಕೊಡಬೇಡಿ.

ನಾಲ್ಕು ದಾಟಿದವರು ಅಣ್ಣ ಅಕ್ಕಂದಿರ ತಟ್ಟೆ ನೋಡಿ ಅದೇ ಬೇಕು ಅಂತಾರೆ. ಅವರಿಗೆ ಕಡಿಮೆ ಎಣ್ಣೆಯ ವೆಜ್ ಅಥವಾ ಎಗ್ ಫ್ರೈಡ್ ರೈಸ್, ಬೆಳ್ಳುಳ್ಳಿ ಹಾಕಿ ಹುರಿದ ಪನೀರ್ ಚೆನ್ನಾಗಿರುತ್ತದೆ.

ಗೋಬಿ ಮಂಚೂರಿ ಕೇಳಿದರೆ?

ಕೇಳಿಯೇ ಕೇಳುತ್ತಾರೆ. 2024ರ ಮಾರ್ಚ್‌ನಲ್ಲಿ ನಮ್ಮ ರಾಜ್ಯ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು. ಆಗ ಪರೀಕ್ಷೆ ಮಾಡಿದ 171 ಮಾದರಿಗಳಲ್ಲಿ 107 ಅಸುರಕ್ಷಿತ ಎಂದು ಬಂದಿತ್ತು. ಬ್ಯಾಡಗಿ ಮೆಣಸಿನಕಾಯಿ ಕೊಡುವ ಕೆಂಪು ಬೇರೆ, ಕಣ್ಣು ಕುಕ್ಕುವ ಆ ಕೆಂಪು ಬೇರೆ. ಅಂಥ ಕೆಂಪು ಕಂಡರೆ, ಗಾಡಿಯಾಗಲಿ ಎಸಿ ಹೋಟೆಲಾಗಲಿ, ಮಗುವಿಗೆ ಕೊಡಬೇಡಿ. ಬಣ್ಣವಿಲ್ಲದ ಕಡೆ ಸಿಕ್ಕಿದರೆ, ಹೂಕೋಸನ್ನು ಕರಿದು ಸಾಸ್ ಹಾಕುವ ಮೊದಲೇ ನಾಲ್ಕು ತುಂಡು ಬೇರೆ ತೆಗೆದಿಡಲು ಹೇಳಿ. ಮಕ್ಕಳಿಗೆ ಆ ಗರಿಗರಿ ತುಂಡೇ ಬೇಕಾಗಿರುವುದು.

ಸಸ್ಯಾಹಾರ, ಅಲರ್ಜಿ

ವೆಜ್ ಎಂದು ಬರೆದಿದ್ದರೂ ಮೂರು ಪ್ರಶ್ನೆ ಕೇಳಿ: ನೂಡಲ್ಸಿನಲ್ಲಿ ಮೊಟ್ಟೆ ಇದೆಯಾ, ಸೂಪಿಗೆ ಹಾಕುವುದು ತರಕಾರಿ ಬೇಯಿಸಿದ ನೀರಾ ಚಿಕನ್ ನೀರಾ, ಆಯ್ಸ್ಟರ್ ಸಾಸ್ ಹಾಕುತ್ತೀರಾ. ಆಯ್ಸ್ಟರ್ ಅಂದರೆ ಸಿಂಪಿ, ಅದು ಸಸ್ಯಾಹಾರವಲ್ಲ.

ಮಗುವಿಗೆ ಕಡಲೆಬೀಜ, ಸೀಗಡಿ, ಮೊಟ್ಟೆ, ಸೋಯಾ ಇವುಗಳಲ್ಲಿ ಯಾವುದಕ್ಕಾದರೂ ನಿಜವಾದ ಅಲರ್ಜಿ ಇದ್ದರೆ, ಸುಮ್ನೆ "ಹಾಕಬೇಡಿ" ಎಂದು ನಂಬಿ ಕೂರಬೇಡಿ. ಒಂದು ಅಡುಗೆಗೂ ಇನ್ನೊಂದಕ್ಕೂ ನಡುವೆ ಬಾಣಲೆಯನ್ನು ಬಿಸಿನೀರಲ್ಲಿ ಉಜ್ಜಿ ಚೆಲ್ಲುತ್ತಾರೆ ಅಷ್ಟೇ, ಸೋಪು ಹಾಕಿ ತೊಳೆಯುವುದಿಲ್ಲ. ಅಂಥ ಮಕ್ಕಳಿಗೆ ಮನೆಯ ಡಬ್ಬಿಯೇ ಕ್ಷೇಮ.

ಟೇಬಲ್ ಮೇಲೆ

ಮಗು ಕೂರುವ ಮೊದಲು ಹಸಿಮೆಣಸಿನಕಾಯಿ ನೆನೆಸಿದ ವಿನೆಗರ್, ಚಿಲ್ಲಿ ಸಾಸ್, ಟೂತ್‌ಪಿಕ್ ಎಲ್ಲವನ್ನೂ ಕೈಗೆ ಸಿಗದಷ್ಟು ದೂರ ಸರಿಸಿ. ಆ ವಿನೆಗರ್ ಮುಟ್ಟಿದ ಬೆರಳು ಕಣ್ಣಿಗೆ ಹೋದರೆ ಊಟ ಅಲ್ಲಿಗೇ ನಿಲ್ಲುತ್ತದೆ. ಕಾರ್ನ್‌ಫ್ಲೋರ್ ಹಾಕಿದ ಗಟ್ಟಿ ಸೂಪ್ ಮೇಲೆ ಆರಿದಂತೆ ಕಂಡರೂ ಒಳಗೆ ಕುದಿಯುವಷ್ಟು ಬಿಸಿ ಇರುತ್ತದೆ, ಅಗಲವಾದ ತಟ್ಟೆಗೆ ಸುರಿದು ಆರಿಸಿ, ನೀವು ಮೊದಲು ರುಚಿ ನೋಡಿ. ಕೊನೆಗೆ ಬರುವ ನಿಂಬೆಹಣ್ಣಿನ ಬಿಸಿನೀರಿನ ಬಟ್ಟಲನ್ನೂ ಮಗುವಿನ ಮುಂದೆ ಇಡಿಸಬೇಡಿ.

ಫ್ರೈಡ್ ರೈಸ್ ಉಳಿದರೆ ಪ್ಯಾಕ್ ಮಾಡಿಸುವ ಮೊದಲು ಸ್ವಲ್ಪ ಯೋಚಿಸಿ. ಅದಕ್ಕೆ ಬಳಸುವ ಅನ್ನವನ್ನು ಮೊದಲೇ ಮಾಡಿ ಆರಿಸಿರುತ್ತಾರೆ. ಅನ್ನ ಹೊರಗೇ ಉಳಿದಷ್ಟೂ ಅದರಲ್ಲಿ ವಾಂತಿ ಭೇದಿ ತರಿಸುವ ಬ್ಯಾಕ್ಟೀರಿಯಾ ಬೆಳೆಯುತ್ತದೆ, ಅದು ಬಿಡುವ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಊಟ ಮುಗಿಸಿ ನೇರ ಮನೆಗೆ ಹೋಗುವುದಾದರೆ ಪ್ಯಾಕ್ ಮಾಡಿಸಿ ಫ್ರಿಜ್ಜಿನಲ್ಲಿಡಿ, ಮಾರನೇ ದಿನ ದೊಡ್ಡವರು ಚೆನ್ನಾಗಿ ಬಿಸಿ ಮಾಡಿ ತಿನ್ನಬಹುದು. ಮಗುವಿಗೆ ಮಾತ್ರ ಅದು ಬೇಡ.