ಕ್ರೂಸ್ ಬುಕ್ ಮಾಡುವ ಮೊದಲು ದರ ಹೀಗೆ ಬಿಡಿಸಿ ನೋಡಿ

ಮಂಗಳೂರಿನ ಪಣಂಬೂರು ಬಂದರಿಗೆ ಬರುವ ವಿದೇಶಿ ಕ್ರೂಸ್ (ವಿಹಾರ) ಹಡಗುಗಳು ಸಾಮಾನ್ಯವಾಗಿ ಬೆಳಿಗ್ಗೆ ಬಂದು ಸಂಜೆ ಹೊರಡುವಂಥವು. ಕ್ರೂಸ್ ಹತ್ತಬೇಕಾದರೆ ನಾವು ಮುಂಬಯಿಗೋ ಕೊಚ್ಚಿಗೋ ಹೋಗಬೇಕು. ಆ ರೈಲು ಖರ್ಚನ್ನೂ ಲೆಕ್ಕಕ್ಕೆ ಹಿಡಿಯಿರಿ.

ಜಾಹೀರಾತಿನ ದರ ಒಬ್ಬರದು, ಅದೂ ಕ್ಯಾಬಿನ್‌ನಲ್ಲಿ ಇಬ್ಬರಿದ್ದರೆ ಮಾತ್ರ. ಒಬ್ಬರೇ ಹೋದರೆ ಹೆಚ್ಚುಕಡಿಮೆ ಇಬ್ಬರ ದುಡ್ಡು ಬೀಳುತ್ತದೆ. ಮೂರನೆಯವರು ಅದೇ ಕ್ಯಾಬಿನ್‌ಗೆ ಸೇರಿದರೆ ಅವರಿಗೆ ಸಾಮಾನ್ಯವಾಗಿ ಕಡಿಮೆ. ಇದರ ಮೇಲೆ ಬಂದರು ಶುಲ್ಕ, ಸರ್ವಿಸ್ ಚಾರ್ಜ್, ಜಿಎಸ್‌ಟಿ. ಹಾಗಾಗಿ ಹಣ ಕಟ್ಟುವ ಪುಟದ ಕೊನೆಯ ಮೊತ್ತವನ್ನು ರಾತ್ರಿಗಳ ಸಂಖ್ಯೆಯಿಂದ ಭಾಗಿಸಿ ಹೋಲಿಸಿ. 3 ದಿನ ಅಂದರೆ 2 ರಾತ್ರಿಯಷ್ಟೇ.

ಬಫೆ ಊಟ, ಈಜುಕೊಳ, ಹೆಚ್ಚಿನ ಶೋಗಳು ದರದಲ್ಲೇ ಬರುತ್ತವೆ. ಮದ್ಯ, ವೈಫೈ, ಸ್ಪಾ, ದಡಕ್ಕಿಳಿದು ಸುತ್ತುವ ಪ್ಯಾಕೇಜ್‌ಗೆ ಬೇರೆ ಬಿಲ್. ಹಡಗು ಹತ್ತಿದ ಕೂಡಲೇ ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ಇಲ್ಲದಿದ್ದರೆ ಸಮುದ್ರದ ರೋಮಿಂಗ್ ಬಿಲ್ ನೋಡಿ ತಲೆ ತಿರುಗುತ್ತದೆ.

ಅಗ್ಗ ಬೇಕಾದರೆ ಕಿಟಕಿಯಿಲ್ಲದ ಒಳಗಿನ ಕ್ಯಾಬಿನ್, ವಾರದ ನಡುವಿನ ದಿನ. ದಸರಾ, ಕ್ರಿಸ್‌ಮಸ್ ರಜೆ ಬಿಡಿ. ಮಂಗಳೂರಿನಿಂದ ಮತ್ಸ್ಯಗಂಧ ರೈಲಿನಲ್ಲಿ ಹೋಗುವುದಾದರೆ ಒಂದು ದಿನ ಮೊದಲೇ ಮುಂಬಯಿ ಸೇರಿ. ರೈಲು ತಡವಾಯಿತೆಂದು ಹಡಗು ಕಾಯುವುದಿಲ್ಲ, ಹಣವೂ ವಾಪಸ್ ಬರುವುದು ಕಷ್ಟ.