ಕೋಲಾ ಎಂದರೆ ಬಾಟಲಿಯಲ್ಲ

ಸ್ವೀಡನ್ನಿನ ಲುಂದ್ ಊರಿಗೆ ಹೋದ ಮೊದಲ ಚಳಿಗಾಲ. ಪಕ್ಕದ ಮನೆಯ ಅಜ್ಜಿ ಕೋಲಾ ಬೇಕೇ ಎಂದು ಕೇಳಿದರು. ಬಾಟಲಿ ಬರುತ್ತದೆ ಎಂದು ಕಾದು ಕುಳಿತರೆ ಬಂದದ್ದು ಟಾಫಿ. ಅಲ್ಲಿ ಕೋಲಾ ಎಂದರೆ ಅದೇ. ಅದರಲ್ಲೇ ಕ್ರಿಸ್ಮಸ್ಸಿಗೆಂದು ಮನೆಮನೆಯಲ್ಲಿ ಕಾಯಿಸುವ ಬಗೆಗೆ ಕ್ನೆಕ್ ಎಂದು ಹೆಸರು. ಮೊದಲ 'ಕ'ವನ್ನು ನುಂಗಿದರೆ ಅಜ್ಜಿ ತಿದ್ದುತ್ತಿದ್ದರು. (ಅಜ್ಜಿ ಎನ್ನುವುದು ನನ್ನ ಮಾತು. ಅಲ್ಲಿ ಎಂಬತ್ತರವರನ್ನೂ ಹೆಸರು ಹಿಡಿದು ಕರೆದು 'ನೀನು' ಎನ್ನಬೇಕು. ಏಳು ವರ್ಷವಿದ್ದರೂ ನನ್ನ ನಾಲಗೆ ಅದಕ್ಕೆ ಬಗ್ಗಲಿಲ್ಲ.)

ಅಳತೆ ಮರೆಯುವಂಥದ್ದಲ್ಲ: ಸಕ್ಕರೆ, ತಿಳಿಬಣ್ಣದ ಸಿರಪ್, ಗಟ್ಟಿ ಕ್ರೀಂ ಮೂರೂ ಸಮಸಮ, ತಲಾ 200 ಮಿಲಿ. ಕೊನೆಗೆ ಸಿಪ್ಪೆ ಸುಲಿದು ಹೆಚ್ಚಿದ ಬಾದಾಮಿ ಒಂದು ಹಿಡಿ. ಸಿರಪ್ ಬರೀ ರುಚಿಗಲ್ಲ, ಅದಿಲ್ಲದಿದ್ದರೆ ಸಕ್ಕರೆ ಮತ್ತೆ ಹರಳುಗಟ್ಟಿ ಟಾಫಿ ಮರಳುಮರಳಾಗುತ್ತದೆ. ಪಾತ್ರೆ ಮಾತ್ರ ದೊಡ್ಡದಿರಲಿ. ಮೊದಲ ಸಲ ನಾನು ಚಿಕ್ಕದರಲ್ಲಿ ಇಟ್ಟು, ಉಕ್ಕಿದ್ದನ್ನು ಒಲೆಯಿಂದ ಕೆರೆಯುವುದರಲ್ಲೇ ಸಂಜೆ ಕಳೆದಿದ್ದೆ.

ಮೊದಲು ಬಿಳಿ ನೊರೆ ಏಳುತ್ತದೆ. ಅರ್ಧ ಗಂಟೆ ಕುದಿಯುವಷ್ಟರಲ್ಲಿ ಬಣ್ಣ ಹಾಲು ಹಾಕಿದ ಚಹಾದಷ್ಟಾಗಿ, ಗುಳ್ಳೆಗಳು ದಪ್ಪಗಾಗಿ, ಸೋಮಾರಿಗಳಾಗುತ್ತವೆ. ಗಂಜಿ ಕುದಿಯುವಂಥ ಸದ್ದು. ನಾನು ಥರ್ಮಾಮೀಟರ್ ಹಿಡಿದು 122 ಡಿಗ್ರಿಗೆ ಕಾಯುತ್ತಿದ್ದೆ. ಅಜ್ಜಿ ಮಾತ್ರ ಒಂದು ಲೋಟ ತಣ್ಣೀರು ತಂದು, ಚಮಚದಲ್ಲಿ ನಾಲ್ಕು ಹನಿ ಬಿಟ್ಟು, ನೀರೊಳಗೇ ಬೆರಳಿನಿಂದ ಹೊರಳಿಸಿದರು. ಉಂಡೆ ಕಟ್ಟಿತು. ನಾನು ಸೌಟು ಹಿಡಿದವಳು ಹಾಗೆಯೇ ನಿಂತುಬಿಟ್ಟೆ. ದೀಪಾವಳಿಯ ಕಜ್ಜಾಯಕ್ಕೆ ಬೆಲ್ಲದ ಪಾಕ ಇಟ್ಟಾಗ ಅಮ್ಮ ಮಾಡುವುದೂ ಇದನ್ನೇ, ಬಟ್ಟಲಲ್ಲಿ ನೀರು, ಎರಡು ಬೆರಳು, ಒಂದು ಉಂಡೆ. ಅಂಗಡಿಯಲ್ಲಿ ಸಿಗುವ ಪುಟ್ಟ ಕಾಗದದ ಬಟ್ಟಲುಗಳಿಗೆ ಕ್ನೆಕ್ಕನ್ನು ಬಿಸಿಯಿರುವಾಗಲೇ ಸುರಿಯಬೇಕು. ಹೊರಗೆ ಮಧ್ಯಾಹ್ನ ಮೂರೂವರೆಗೇ ಕತ್ತಲೆ. ಒಳಗೆ ಇಬ್ಬರೂ ಅರುವತ್ತು ಬಟ್ಟಲು ತುಂಬುತ್ತ ಕೂರುತ್ತಿದ್ದೆವು.

ಈ ಸಿಹಿಗೆ ಒಂದು ಕಹಿ ನೆನಪೂ ಅಂಟಿಕೊಂಡಿದೆ, ಅದೂ ಲುಂದ್‌ನದೇ. 1940ರ ದಶಕದಲ್ಲಿ ಅಲ್ಲಿನ ವಿಪೆಹೋಲ್ಮ್ ಆಸ್ಪತ್ರೆಯಲ್ಲಿ, ಬುದ್ಧಿ ಬೆಳವಣಿಗೆ ಕುಂಠಿತವಾದ ರೋಗಿಗಳಿಗೆ, ಹಲ್ಲಿಗೆ ಅಂಟಲೆಂದೇ ತಯಾರಿಸಿದ ಟಾಫಿಗಳನ್ನು ಕೊಟ್ಟು ಹುಳುಕು ಹೇಗೆ ಹಿಡಿಯುತ್ತದೆಂದು ಪರೀಕ್ಷಿಸಿದರು. ಕೆಲವರಿಗೆ ದಿನಕ್ಕೆ 24. ಒಪ್ಪಿಗೆ ಯಾರೂ ಕೇಳಲಿಲ್ಲ. ಮಕ್ಕಳಿಗೆ ಶನಿವಾರ ಮಾತ್ರ ಮಿಠಾಯಿ ಎಂಬ ಅಲ್ಲಿಯ ರೂಢಿ ಬಲವಾದದ್ದು ಇದರ ನಂತರ. ಅಜ್ಜಿ ಇದನ್ನು ಹೇಳಿದ್ದು ಒಂದೇ ಸಲ, ಪಾತ್ರೆ ತೊಳೆಯುತ್ತ, ನನ್ನ ಮುಖ ನೋಡದೆ.

ಈಗ ಮೈಸೂರಿಗೆ ಮರಳಿದ್ದೇನೆ. ಡಿಸೆಂಬರ್ ಬಂದರೆ ಬಾಯಿ ಕ್ನೆಕ್ ಕೇಳುತ್ತದೆ. ಇಲ್ಲಿಯ ಪೊಟ್ಟಣದ ಕ್ರೀಂನಲ್ಲಿ ಕೊಬ್ಬು ಶೇ. 25ರಷ್ಟು, ಅಲ್ಲಿಯದರಲ್ಲಿ ಸುಮಾರು 40. ಹಾಗಾಗಿ ಎರಡು ದೊಡ್ಡ ಚಮಚ ಬೆಣ್ಣೆ ಸೇರಿಸುತ್ತೇನೆ. ಸಿರಪ್ಪಿನ ಬದಲು ಒಮ್ಮೆ ಜೋನಿಬೆಲ್ಲ ಹಾಕಿದೆ, ಕ್ರೀಂ ಒಡೆದುಹೋಯಿತು. ಗೋಲ್ಡನ್ ಸಿರಪ್ ಸಿಕ್ಕರೆ ಅದೇ ಸರಿ. ಕಾಗದದ ಬಟ್ಟಲಿಗೆ ಬೆಣ್ಣೆ ಸವರದಿದ್ದರೆ ಕಾಗದವನ್ನೂ ತಿನ್ನಬೇಕಾಗುತ್ತದೆ. ಹೊರಗಿಟ್ಟರೆ ಎರಡು ದಿನದಲ್ಲಿ ಜಿಗುಟಾಗುತ್ತದೆ, ಫ್ರಿಜ್ಜೇ ಗತಿ.

ಹೋದ ವರ್ಷ ಅಮ್ಮ ಅಡುಗೆಮನೆಗೆ ಬಂದು, ಥರ್ಮಾಮೀಟರನ್ನು ಜ್ವರ ನೋಡುವುದೇ ಎಂದು ಕೇಳಿ, ತಾನೇ ಬಟ್ಟಲಲ್ಲಿ ನೀರು ತಂದರು. ಹನಿ ಬಿಟ್ಟು, ಹೊರಳಿಸಿ, "ಸಾಕು ಕಣೇ, ಇಳಿಸು" ಎಂದರು. 119 ತೋರಿಸುತ್ತಿತ್ತು. ಇನ್ನೂ ಮೂರು ಡಿಗ್ರಿ ಇದೆಯಮ್ಮ ಎಂದೆ. "ನನ್ನ ಹಲ್ಲಿಗೆ ಇಷ್ಟು ಸಾಕು" ಎಂದರು. ಇಳಿಸಿದೆ. ಮೆತ್ತಗಿತ್ತು. ರಾತ್ರಿ ಫ್ರಿಜ್ ತೆರೆದ ಸದ್ದು ಎರಡು ಸಲ ಕೇಳಿಸಿತು.